ಕೊಂಬಿಲ್ಲದ ವೈಕಿಂಗ್ ಟೋಪಿ

ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿ ಇಟ್ಟವರು ನಗೆಪಾಟಲಿನ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಹೊಸಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ಕೆಲವು ಚಪ್ಪಲಿಯನ್ನೂ ಬಿಡದೆ ಬರುತ್ತವೆ.

ತಿಪಟೂರಿನಲ್ಲಿ ನಾನೂ ನಮ್ಮನೆಯವರೂ ಈ ಅಂಗಡಿ ನಡೆಸುತ್ತಲೇ ಕೂದಲು ನರೆಸಿಕೊಂಡಿದ್ದೇವೆ. ಕಿರೀಟ, ಗದೆ, ಭುಜಕೀರ್ತಿ ಮಾಡುವುದು ಅವರ ಕೆಲಸ. ಹೊಲಿಗೆಯೆಲ್ಲ ನನ್ನದು, ಬಂದವರ ಜೊತೆ ಜಗಳ ಆಡುವುದೂ ನನ್ನದೇ. ನಮ್ಮ ಸುತ್ತಮುತ್ತ ಪೌರಾಣಿಕ ನಾಟಕ ಆಡದ ಊರಿಲ್ಲ. ವರ್ಷವೆಲ್ಲ ತೋಟದಲ್ಲಿ ಬೋರ್‌ವೆಲ್ ಮೋಟರು ಆನ್ ಮಾಡುತ್ತ, ಕಾಯಿ ಸುಲಿಸುತ್ತ ಇದ್ದ ಮನುಷ್ಯನಿಗೆ ಒಂದು ದಿನದ ಮಟ್ಟಿಗೆ ಚಕ್ರವರ್ತಿ ಆಗಬೇಕು ಅನ್ನಿಸುತ್ತದೆ. ಆಗಲಿ, ಬೇಡ ಅಂದವರಾರು? ಆದರೆ ಮೊನ್ನೆ ಒಬ್ಬ ಚಕ್ರವರ್ತಿ ಬಂದು, "ನಿಮ್ಮ ಸೊಂಟಪಟ್ಟಿ ಹೋದ ವರ್ಷ ಸರಿಯಾಗಿತ್ತು ಕಣಕ್ಕ. ಒಗೆದಾಗ ಕುಗ್ಗಿರಬೇಕು" ಅಂದ. ಸೊಂಟಪಟ್ಟಿ ತಗಡಿನದು!

ಇಂಥವರನ್ನು ನೋಡಿ ನೋಡಿ ಮನುಷ್ಯರ ತಲೆಯ ಬಗ್ಗೆ ನನಗೆ ದೊಡ್ಡ ಗೌರವವೇನೂ ಉಳಿದಿಲ್ಲ, ಅದರ ಸುತ್ತಳತೆ ಒಂದು ಗೊತ್ತು ಅಷ್ಟೇ. ಉಳಿದಿದ್ದ ಚೂರುಪಾರು ಗೌರವವೂ ಒಂದು ಟೋಪಿ ಹೊಲಿಯಲು ಹೋದಾಗ ಹೊರಟುಹೋಯಿತು.

ರಾಕ್ಷಸನ ಮಾಲು ಬೇಡವಂತೆ

ಒಂದು ಬೆಳಿಗ್ಗೆ ಅಂಗಡಿಗೆ ಕಾಲೇಜಿನ ಇತಿಹಾಸದ ಮೇಡಂ ಬಂದಳು. ಮೇಡಂ ಅಂದರೆ ಇನ್ನೂ ಹುಡುಗಿ. ದಬ್ಬೇಘಟ್ಟದವಳು, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಕೆಲಸ ಕಾಯಂ ಆಗಿಲ್ಲ, ಅತಿಥಿ ಉಪನ್ಯಾಸಕಿ. ಅಂದರೆ ಈ ವರ್ಷ ಅತಿಥಿ, ಮುಂದಿನ ವರ್ಷ ಎದ್ದು ಹೋಗಿ ಅಂದರೆ ಎದ್ದು ಹೋಗಬೇಕು. ಅದನ್ನು ಹೇಳುವವರು ಪ್ರಿನ್ಸಿಪಾಲರು.

ಕಾಲೇಜಿನಲ್ಲಿ 'ಗತಕಾಲದಲ್ಲಿ ಒಂದು ದಿನ' ಅಂತ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮೈದಾನದಲ್ಲಿ ಅಲ್ಲಲ್ಲಿ ಚಪ್ಪರ ಹಾಕಿ, ಒಂದರಲ್ಲಿ ರೋಮನ್ನರು, ಒಂದರಲ್ಲಿ ಈಜಿಪ್ಟಿನವರು, ಇನ್ನೊಂದರಲ್ಲಿ ವೈಕಿಂಗರು ಹೇಗೆ ಬದುಕುತ್ತಿದ್ದರು ಅಂತ ವೇಷ ಹಾಕಿ ಬದುಕಿ ತೋರಿಸುವುದಂತೆ.

"ವೈಕಿಂಗರು ಅಂದ್ರೆ ಯಾರಮ್ಮ?" ಅಂದೆ.

"ಸಾವಿರ ವರ್ಷದ ಹಿಂದೆ ಯೂರೋಪಿನ ಉತ್ತರದಲ್ಲಿ, ಹಿಮ ಬೀಳೋ ಸೀಮೇಲಿ ಇದ್ದೋರು ಅಕ್ಕ. ಉದ್ದುದ್ದ ದೋಣೀಲಿ ಬಂದು ಕಂಡೋರ ಊರು ದೋಚ್ತಿದ್ರು. ಬಿಡುವಿದ್ದಾಗ ವ್ಯವಸಾಯ, ವ್ಯಾಪಾರ."

"ಕೊಬ್ಬರಿ ದಲ್ಲಾಳಿಗಳ ಥರ ಅನ್ನು. ದೋಣಿ ಒಂದು ಹೆಚ್ಚು."

ಅವಳಿಗೆ ಬೇಕಾಗಿದ್ದದ್ದು ವೈಕಿಂಗರ ನಾಯಕನ ಟೋಪಿ. ನಾಯಕನ ಪಾತ್ರ ಪ್ರಿನ್ಸಿಪಾಲರದು. ಅವರು ಎತ್ತರ ಇದ್ದಾರೆ, ಗಡ್ಡ ಇದೆ, ಮೇಲಾಗಿ ಬೇರೆ ಯಾರಾದರೂ ನಾಯಕರಾದರೆ ಅವರು ಸುಮ್ಮನಿರುವುದಿಲ್ಲ.

ಅಷ್ಟರಲ್ಲಿ ಒಳಗಿದ್ದ ನಮ್ಮನೆಯವರು ಮೊಬೈಲಿನಲ್ಲಿ ವೈಕಿಂಗರ ಚಿತ್ರ ಒತ್ತಿ ನೋಡಿ, ಅಟ್ಟದಿಂದ ರಾಕ್ಷಸನ ಕಿರೀಟ ಇಳಿಸಿಕೊಂಡು ಬಂದರು. ಎರಡು ಕಡೆ ಎಮ್ಮೆಯಂಥ ಕೊಂಬು. ಧೂಳು ಊದಿ ಮೇಡಂ ಮುಂದಿಟ್ಟು, "ರೆಡಿ ಮಾಲು" ಅಂದರು.

"ಇದು ಬೇಡ ಸಾರ್. ವೈಕಿಂಗರು ಕೊಂಬಿನ ಟೋಪಿ ಹಾಕ್ತಿದ್ರು ಅನ್ನೋದಕ್ಕೆ ಎಲ್ಲೂ ಆಧಾರ ಇಲ್ಲ. ಅದು ಆಮೇಲಿನ ನಾಟಕದೋರು ಕಟ್ಟಿದ್ದು."

ನಾಟಕದವರು ಅಂದದ್ದು ನಮ್ಮನೆಯವರಿಗೆ ನಾಟಿತು. "ಕೊಂಬಿಲ್ದಿದ್ರೆ ಅವ್ನು ವೈಕಿಂಗು ಅಂತ ಜನಕ್ಕೆ ಹೆಂಗಮ್ಮ ಗೊತ್ತಾಯ್ತದೆ?"

ಹುಡುಗಿ ತಣ್ಣಗೆ ಹೇಳಿದಳು: "ನೀವು ತಿಪಟೂರಿನೋರು ಅಂತ ಎಲ್ಲರಿಗೂ ಗೊತ್ತಲ್ವಾ ಸಾರ್? ತಲೆ ಮೇಲೆ ತೆಂಗಿನಕಾಯಿ ಇಟ್ಕೊಂಡಿದೀರಾ?"

ನಮ್ಮನೆಯವರು ಕಿರೀಟ ಎತ್ತಿಕೊಂಡು ಅಟ್ಟ ಹತ್ತಿದರು. ಆ ಆರ್ಡರು ನಾನು ತಗೊಂಡದ್ದು ಆ ಒಂದು ಮಾತಿಗೆ.

ಅಜ್ಜನ ಅಪ್ಪನೂ ವೈಕಿಂಗು

ಟೋಪಿಗೆ ಉಣ್ಣೆ ಬಟ್ಟೆ ಬೇಕು, ಅದೂ ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದು ಅಂದಳು ಮೇಡಂ. ಹಳೇ ಗೋರಿಗಳಲ್ಲಿ ಸಿಕ್ಕ ಬಟ್ಟೆ ಚೂರುಗಳನ್ನು ನೋಡಿ ಯಾರೋ ಊಹೆ ಮಾಡಿ ಬರೆದ ಚಿತ್ರ ಅವಳ ಮೊಬೈಲಿನಲ್ಲಿತ್ತು. ನಾಲ್ಕು ತ್ರಿಕೋನ ಸೇರಿಸಿ ಹೊಲಿದ ಚೂಪು ಟೋಪಿ, ಕೆಳಗೆ ತುಪ್ಪಳದ ಅಂಚು. ಹೆಣದ ತಲೆಯಿಂದ ಅಳತೆ ತೆಗೆದು ಪ್ರಿನ್ಸಿಪಾಲರಿಗೆ ಹೊಲಿಯುವ ಭಾಗ್ಯ ಯಾವ ಟೈಲರಿಗೆ ಸಿಕ್ಕೀತು!

ಕಂಬಳಿಯೇ ಸರಿ ಅಂತ ಇಬ್ಬರೂ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿ ಕಡೆ ಹೋದೆವು. ಅಲ್ಲಿ ನನಗೆ ಗೊತ್ತಿದ್ದ ಒಬ್ಬ ಅಜ್ಜ ಇನ್ನೂ ಗುಂಡಿ ಮಗ್ಗದಲ್ಲಿ ಕೂತು ಕಂಬಳಿ ನೇಯುತ್ತಾನೆ. ಮೇಡಂ ಕಂಬಳಿಯನ್ನು ಮೂಗಿಗೆ ಹಿಡಿದು, "ಕುರಿ ವಾಸನೆ ಇನ್ನೂ ಇದೆ ಅಕ್ಕ! ಎಷ್ಟು ಚೆನ್ನಾಗಿದೆ!" ಅಂತ ಕಣ್ಣು ಮುಚ್ಚಿದಳು. ಓದಿದವರಿಗೆ ಯಾವುದರಲ್ಲಿ ಸುಖ ಸಿಗುತ್ತದೆ ಅಂತ ಹೇಳುವುದು ಕಷ್ಟ.

ಕತ್ತರಿಸಿ ಟೋಪಿ ಮಾಡುತ್ತೇವೆ ಅಂದ ಕೂಡಲೇ ಅಜ್ಜ ಕಂಬಳಿ ಹಿಂದಕ್ಕೆ ಎಳೆದುಕೊಂಡ.

"ಕಂಬಳಿಗೆ ಕತ್ರಿ ಹಾಕ್ತೀಯಾ ತಾಯಿ? ಹೊದ್ಕಳ್ಳೋದು, ಹಾಸ್ಕಳ್ಳೋದು, ಮಳೆ ಬಂದ್ರೆ ಕೊಪ್ಪೆ ಮಾಡಿ ತಲೆಗೆ ಇಕ್ಕಳ್ಳೋದು. ಇಷ್ಟೇ ಕಣವ್ವ ಕಂಬಳಿಗಿರೋ ಕೆಲಸ."

ಮೇಡಂ ಚಿತ್ರ ತೋರಿಸಿದಳು. ಅಜ್ಜ ಮೊಬೈಲನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಇದು ಕೊಪ್ಪೆಯೇ ಅಲ್ವಾ? ನಮ್ಮಪ್ಪ ಇದನ್ನ ಇಕ್ಕಂಡೇ ಕುರಿ ಕಾಯ್ತಿದ್ದ. ಯಾರಿವ್ರು?"

"ವೈಕಿಂಗರು ಅಂತ ತಾತ. ಸಮುದ್ರ ದಾಟಿ ಹೋಗಿ ಬೇರೆಯವರ ಊರಿನ ಮೇಲೆ ದಾಳಿ ಮಾಡ್ತಿದ್ರು."

ಅಜ್ಜ ಒಂದು ಹಳೇ ಕಂಬಳಿ ಹುಡುಕಿ ನಮ್ಮ ಕಡೆ ಎಸೆದ. "ನಮ್ಮಪ್ಪ ಕೆರೆ ಏರಿ ದಾಟಿ ಪಕ್ಕದೂರೋರ ಹುರುಳಿ ಹೊಲಕ್ಕೆ ಕುರಿ ನುಗ್ಗಿಸ್ತಿದ್ದ. ಅದೂ ಇದೂ ಒಂದೇ ಬುಡು, ತಗಂಡೋಗು."

ಆಗ ಮಿಷನ್ ಇರಲಿಲ್ಲ

ನಾಲ್ಕು ತುಂಡು ಕತ್ತರಿಸಿ, ಊಟದ ಹೊತ್ತಿಗಿಂತ ಮುಂಚೆ ಮಿಷನ್ನಿನಲ್ಲಿ ಗಟ್ಟಿಯಾಗಿ ಹೊಲಿದು ಇಟ್ಟೆ. ಮೇಡಂ ಬಂದು ಟೋಪಿ ತಿರುಗಿಸಿ ನೋಡಿ ಮುಖ ಸಣ್ಣದು ಮಾಡಿದಳು.

"ಮಿಷನ್ ಹೊಲಿಗೆ ಕಾಣ್ತಿದೆ ಅಕ್ಕ. ಉಣ್ಣೆ ದಾರದಲ್ಲಿ ಕೈ ಹೊಲಿಗೆ ಹಾಕಬೇಕು. ಆಗ ಮಿಷನ್ ಇರಲಿಲ್ಲ."

"ಆಗ ಪ್ರಿನ್ಸಿಪಾಲರೂ ಇರಲಿಲ್ಲ. ಅವರನ್ನೇನು ಬಿಚ್ಚಿ ಹೊಲೀಲಾ?"

ಆದರೂ ಬಿಚ್ಚಿದೆ. ದಬ್ಬಳ ತಗೊಂಡು, ಅಜ್ಜನ ಹತ್ತಿರ ತಂದ ಉಣ್ಣೆ ದಾರ ಪೋಣಿಸಿ ಕೂತೆ. ಕಂಬಳಿ ಅಂದರೆ ರವಿಕೆ ಪೀಸಲ್ಲ. ಹೆಬ್ಬೆರಳು ತೂತಾಗಿ, ಟೋಪಿಯ ಒಳಗೆ ರಕ್ತದ ಕಲೆ ಆಯಿತು. ಒರೆಸೋಣ ಅಂತ ನೀರು ತಂದರೆ ಮೇಡಂ ಕೈ ಹಿಡಿದುಕೊಂಡಳು.

"ಇರಲಿ ಬಿಡಿ ಅಕ್ಕ. ದಾಳಿ ಮಾಡೋರ ಟೋಪಿ, ರಕ್ತ ಇದ್ರೆ ಸಹಜವಾಗಿರುತ್ತೆ."

ಕರಡಿಯ ಕೈ

ಇನ್ನು ಉಳಿದದ್ದು ಅಂಚಿನ ತುಪ್ಪಳ. "ಅದನ್ನ ನಂಗೆ ಬುಡು ಕಣೇ" ಅಂತ ನಮ್ಮನೆಯವರು ಎದ್ದರು. ಅವರು 'ನಂಗೆ ಬುಡು' ಅಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೂ ಒಂದು ಹಾಳಾಗಿದೆ.

ಹೊನ್ನವಳ್ಳಿಯಲ್ಲಿ ನೆಂಟರ ಮನೆಯಲ್ಲಿ ಅವತ್ತು ಬಾಡೂಟ. ಇವರು ಉಂಡು, ಕೊಯ್ದ ಮೇಕೆಯ ಚರ್ಮವನ್ನು ಗೋಣಿಚೀಲದಲ್ಲಿ ಸುತ್ತಿ ಟಿವಿಎಸ್ಸಿನ ಹಿಂದೆ ಕಟ್ಟಿಕೊಂಡು ಹೊರಟಿದ್ದಾರೆ. ಹೊನ್ನವಳ್ಳಿ ನಾಯಿಗಳು ಊರಾಚೆತನಕ ಕಳಿಸಿಕೊಟ್ಟವಂತೆ. ಅಲ್ಲಿಂದ ಮುಂದಿನ ಊರಿನವು ವಹಿಸಿಕೊಂಡವು. ತಿಪಟೂರಿಗೆ ಬರುವ ಹೊತ್ತಿಗೆ ಟೋಪಿಗಿಂತ ಮೊದಲೇ ನಾಯಕನಿಗೆ ಸೈನ್ಯ ಸಿಕ್ಕಿತ್ತು.

ಚರ್ಮಕ್ಕೆ ಉಪ್ಪು ಸವರಿ ತಾರಸಿ ಮೇಲೆ ಒಣಗಲು ಹಾಕಿದರು. ಕೇರಿಯ ಕಾಗೆಗಳೆಲ್ಲ ನಮ್ಮ ತಾರಸಿಗೇ ಬಂದು ಕೂತವು. ಎರಡನೇ ದಿನ ಎದುರು ಮನೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಏನೇ ಅದು ವಾಸನೆ? ಏನು ಸತ್ತೈತೆ?"

"ವೈಕಿಂಗು ಕಣಜ್ಜಿ."

"ಯಾವ್ದಾದ್ರೂ ಆಗ್ಲಿ, ಸತ್ತ ಮೇಲೆ ಬೇಗ ಎತ್ತಬೇಕು ಕಣವ್ವ."

ಎತ್ತಿ ಊರಾಚೆ ಹೂಳಿಸಿದೆ. ಆಮೇಲೆ ಅಟ್ಟದಿಂದ ಕರಡಿ ವೇಷ ಇಳಿಸಿದೆ. ಯಾವುದೋ ಕಾಲದಲ್ಲಿ ಒಳ್ಳೇ ಉಣ್ಣೆ ತುಪ್ಪಳದಲ್ಲಿ ಹೊಲಿದದ್ದು. ಬಲಗೈಯ ತುಪ್ಪಳವನ್ನು ಮೊಣಕೈವರೆಗೆ ಬಿಚ್ಚಿ ಟೋಪಿಯ ಅಂಚಿಗೆ ಸುತ್ತ ಹಾಕಿದೆ. ಬೋಳಾದ ಕಡೆ ಕಪ್ಪು ಬಟ್ಟೆ ಹಚ್ಚಿ ಸುಮ್ಮನಾದೆ. ಮೇಡಂಗೆ ಮೇಕೆ ಅಂತಲೇ ಹೇಳಿದೆ. ಅವಳು ಮೂಸಿ ನೋಡಿ, "ವಾಸನೆ ಇನ್ನೂ ಸ್ವಲ್ಪ ಬೇಕಿತ್ತು" ಅಂದಳು.

ಅದೇ ವಾರ ಕೆಂಕೆರೆಯಿಂದ ನಾಟಕದವರು ಬಂದು ಅದೇ ಕರಡಿ ಕೇಳಬೇಕೇ! ಪಾತ್ರದವನು ವೇಷ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಬಲಗೈ ಎತ್ತಿದ.

"ಏನಕ್ಕ, ಕರಡಿ ಕೈಯಾಗೆ ಕೂದ್ಲೇ ಇಲ್ವಲ್ಲ?"

"ಮುದಿ ಕರಡಿ ಕಣಪ್ಪ. ಮರ ಹತ್ತಿ ಹತ್ತಿ ಸವೆದಿದೆ."

ಅವನು ಜೊತೆಗಿದ್ದವನ ಕಡೆ ತಿರುಗಿ, "ಹೌದು ಕಣ್ಲಾ, ಸರಿಯಾಗೇ ಮಾಡವ್ರೆ. ನಮ್ಮ ತೋಟದಾಗೆ ಕಾಯಿ ಕೀಳೋನ ಕೈಯೂ ಹಿಂಗೇ ಐತೆ" ಅಂತ ಮೆಚ್ಚಿಕೊಂಡು ತಗೊಂಡು ಹೋದ.

ಕೆರೆತ

ಟೋಪಿ ಹಾಕಿಸಿ ನೋಡಲು ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಕುರ್ಚಿಯಿಂದ ಏಳದೆ, ಪಟ್ಟಾಭಿಷೇಕಕ್ಕೆ ಕೂತವರ ಹಾಗೆ ತಲೆ ಮುಂದೆ ಚಾಚಿದರು. ನಾನು ಟೋಪಿ ಇಟ್ಟೆ. ಚೆನ್ನಾಗಿ ಕೂತಿತು. ನನ್ನ ಕೈಕೆಲಸ ಅಂತ ಹೇಳುವುದಲ್ಲ, ಆ ಮುಖವೂ ಅದರ ಕೆಳಗೆ ಸ್ವಲ್ಪ ಗಂಭೀರವಾಗಿ ಕಂಡಿತು. ಮೇಡಂ ಚಪ್ಪಾಳೆ ತಟ್ಟಿದಳು.

ಅದೇ ಗಳಿಗೆಗೆ ಆಡಳಿತ ಮಂಡಳಿಯ ಅಧ್ಯಕ್ಷರು ಒಳಗೆ ಬಂದರು. ಕೊಬ್ಬರಿ ಮಂಡಿ ಇಟ್ಟವರು, ದೊಡ್ಡ ಮನುಷ್ಯರು. ಪ್ರಿನ್ಸಿಪಾಲರು ಟೋಪಿ ತೆಗೆಯುವುದನ್ನೂ ಮರೆತು ಎದ್ದು ನಿಂತರು. ಅಧ್ಯಕ್ಷರು ಕೂತು ಯಾವುದೋ ಹೊಸ ಕಟ್ಟಡದ ವಿಷಯ ಎತ್ತಿದರು.

ಕಂಬಳಿ, ಅದರ ಕೆಳಗೆ ಕರಡಿ, ಹೊರಗೆ ಬಿರುಬೇಸಿಗೆ. ಪ್ರಿನ್ಸಿಪಾಲರಿಗೆ ಕಡಿತ ಶುರುವಾಯಿತು. ಮೊದಲು ಒಂದು ಬೆರಳು ಟೋಪಿಯೊಳಗೆ ಹೋಯಿತು, ಆಮೇಲೆ ಎರಡು, ಆಮೇಲೆ ಪೆನ್ನು, ಕೊನೆಗೆ ಸ್ಕೇಲು. ಅಧ್ಯಕ್ಷರು ಏನು ಕೇಳಿದರೂ ಇವರು ಸೀಲಿಂಗು ನೋಡುತ್ತ ಸ್ಕೇಲು ಆಡಿಸುತ್ತ, "ಹೂಂ... ಹೂಂ..." ಅನ್ನುತ್ತಿದ್ದರು.

ಹೊರಡುವಾಗ ಅಧ್ಯಕ್ಷರು ನನ್ನ ಹತ್ತಿರ ಬಗ್ಗಿ ಹೇಳಿದರು: "ಎಷ್ಟು ಯೋಚನೆ ಮಾಡ್ತಾರೆ ನೋಡಮ್ಮ ನಮ್ಮ ಪ್ರಿನ್ಸಿಪಾಲರು!"

ಆಮೇಲೆ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದರು. "ಅಂದಂಗೆ ಸಾರ್, ಆ ಟೋಪಿಗೆ ಕೊಂಬು ಇರಬೇಕಿತ್ತಲ್ವಾ? ಹಿಂಗೆ ನೋಡಿದ್ರೆ ಕೊಂಬು ಮುರುಕೊಂಡ ಎಮ್ಮೆ ಥರ ಕಾಣ್ತೀರಿ."

ಆ ಮಾತು ಪ್ರಿನ್ಸಿಪಾಲರ ತಲೆಯೊಳಗೆ ಹೋಯಿತು. ಹೇಗೂ ಅಲ್ಲಿ ಜಾಗ ಇತ್ತು.

ಗುಟ್ಟಿನ ಗಿರಾಕಿ

ಮಾರನೇ ದಿನ ಮಧ್ಯಾಹ್ನ, ಬೀದಿಯಲ್ಲಿ ಜನ ಇಲ್ಲದ ಹೊತ್ತಿನಲ್ಲಿ ಪ್ರಿನ್ಸಿಪಾಲರು ಕರ್ಚೀಫಿನಿಂದ ಮುಖ ಒರೆಸುತ್ತ ಅಂಗಡಿಯೊಳಗೆ ನುಸುಳಿದರು. ಕಂಕುಳಲ್ಲಿ ಟೋಪಿ.

"ನೋಡಮ್ಮ, ಇದಕ್ಕೆ ಎರಡು ಕೊಂಬು ಹಾಕಿಕೊಡಬೇಕು."

"ಮೇಡಂ ಬೇಡ ಅಂದವ್ರೆ ಸಾರ್. ಅವ್ರು ಕೊಂಬು ಹಾಕ್ತಿರಲಿಲ್ವಂತೆ."

"ಯಾರು? ಮೇಡಮ್ಮಾ?"

"ವೈಕಿಂಗರು ಸಾರ್."

"ಅವರ ಮಾತು ಬಿಡಿ. ನಾನು ಇಲ್ಲಿ ಪ್ರಿನ್ಸಿಪಾಲ್. ಮೇಡಂಗೆ ಇದು ಗೊತ್ತಾಗಬಾರದು."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಮ್ಮನೆಯವರು ಹೊರಗೆ ಬಂದರು. ಇಂಥ ಒಂದು ಗಿರಾಕಿಗಾಗಿಯೇ ಅವರು ಮೊದಲ ದಿನದಿಂದ ಕಾಯುತ್ತಿದ್ದರು ಅಂತ ಕಾಣುತ್ತದೆ. "ಎಷ್ಟುದ್ದ ಬೇಕು ಸಾರ್?" ಅಂದರು. ಪ್ರಿನ್ಸಿಪಾಲರು ಎರಡು ಕೈ ಅಗಲಿಸಿ ತೋರಿಸಿದರು. ಸ್ವಲ್ಪ ಯೋಚಿಸಿ ಇನ್ನೂ ಅಗಲಿಸಿದರು.

ನಮ್ಮನೆಯವರು ತೋಟಕ್ಕೆ ಹೋಗಿ ಒಣಗಿ ಬಿದ್ದ ಹೊಂಬಾಳೆಯ ಗಟ್ಟಿ ಸಿಪ್ಪೆ ಆರಿಸಿ ತಂದು, ನೀರಲ್ಲಿ ನೆನೆಸಿ, ಬಗ್ಗಿಸಿ, ಬೆಳ್ಳಗೆ ಬಣ್ಣ ಬಳಿದು ಕೊಂಬು ಮಾಡಿದರು. ಒಳ್ಳೇ ಹಳ್ಳಿಕಾರ್ ಎತ್ತಿನ ಕೊಂಬೇ. ಒಂದೊಂದರ ತುದಿಯೂ ಚೂಪು. ಟೋಪಿ ಭಾರಕ್ಕೆ ಹಿಂದಕ್ಕೆ ಬೀಳುತ್ತದೆ ಅಂತ ಗದ್ದದ ಕೆಳಗೆ ಕಟ್ಟಲು ತೆಂಗಿನ ನಾರಿನ ಹಗ್ಗ ಬೇರೆ ಪೋಣಿಸಿದರು.

ಆ ಗುಟ್ಟು ನಾನು ಮೇಡಂಗೆ ಅವತ್ತೇ ಫೋನ್ ಮಾಡಿ ಹೇಳಿದೆ. ನನ್ನ ಹೆಬ್ಬೆರಳ ರಕ್ತ ಬಿದ್ದ ಟೋಪಿಗೆ ಹೊಂಬಾಳೆ ಸಿಪ್ಪೆ ಚುಚ್ಚಿದರೆ ನಾನ್ಯಾಕೆ ಬಾಯಿ ಮುಚ್ಚಿಕೊಂಡಿರಲಿ?

ಅವಳು ಹೇಳಿದಳು: "ವೈಕಿಂಗರ ಚಪ್ಪರದ ಮೇಲೆ ಬೋರ್ಡು ಬರೆಸಿದೀನಿ ಅಕ್ಕ, 'ವೈಕಿಂಗರು ಕೊಂಬಿನ ಟೋಪಿ ಧರಿಸುತ್ತಿರಲಿಲ್ಲ' ಅಂತ. ನಾನು ಅದನ್ನ ತೆಗೆಯಲ್ಲ."

ತೆಗೆಯಲಿಲ್ಲ. ಪ್ರಿನ್ಸಿಪಾಲರು ಅದನ್ನು ನೋಡಿ ಅವಳನ್ನು ಕರೆಸಿದರಂತೆ. "ಬೋರ್ಡು ಇಳಿಸಿ ಮೇಡಂ. ಇಲ್ಲಾಂದ್ರೆ ಮುಂದಿನ ವರ್ಷ ನೀವೇ ಇಳೀಬೇಕಾಗುತ್ತೆ" ಅಂದರಂತೆ.

ಅವಳೇ ಅಂಗಡಿಗೆ ಬಂದು ಇದನ್ನು ಹೇಳಿದಳು. ಮನೆಯಲ್ಲಿ ಸಂಬಳ ಅಂತ ಬರುತ್ತಿದ್ದದ್ದು ಅವಳದೊಂದೇ. "ಇಳಿಸಿಬಿಡಮ್ಮ ಅತ್ಲಾಗೆ. ಸತ್ತು ಸಾವಿರ ವರ್ಷ ಆದೋರು ಬಂದು ನಿನ್ನ ಕೇಳ್ತಾರಾ?" ಅಂದೆ.

"ಅವರು ಕೇಳಲ್ಲ ಅಕ್ಕ. ಸೋಮವಾರ ಕ್ಲಾಸಲ್ಲಿ ಮಕ್ಕಳು ಕೇಳ್ತಾರೆ."

ಇಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅವತ್ತು ಹಬ್ಬಕ್ಕೆ ಮಾಡಿದ್ದ ಹೋಳಿಗೆ ಕಟ್ಟಿಕೊಟ್ಟು ಕಳಿಸಿದೆ.

ನಾಯಕನ ಭಾಷಣ

ಕಾರ್ಯಕ್ರಮದ ದಿನ ಅಧ್ಯಕ್ಷರಿಂದ ಹಿಡಿದು ಹುಡುಗರ ತಾಯ್ತಂದೆಯರ ತನಕ ಮೈದಾನದ ತುಂಬ ಜನ. ಡ್ರೆಸ್ಸು ನಮ್ಮದಾದ್ದರಿಂದ ಪಿನ್ನು, ಸೂಜಿ ಹಿಡಿದು ನಾವೂ ಹೋಗಿದ್ದೆವು. ರೋಮನ್ನರು ಬೆಡ್‌ಶೀಟು ಸುತ್ತಿಕೊಂಡು, ಬಿಚ್ಚಿಹೋಗುತ್ತದೆಂಬ ಭಯಕ್ಕೆ ಅಲ್ಲಾಡದೆ ನಿಂತಿದ್ದರು. ಈಜಿಪ್ಟಿನವರ ಕಣ್ಣಿನ ಕಾಡಿಗೆ ಬೆವರಿಗೆ ಇಳಿದು ಮೀಸೆಯಾಗಿತ್ತು.

ವೈಕಿಂಗರ ಚಪ್ಪರ ಎಲ್ಲಕ್ಕಿಂತ ದೊಡ್ಡದು. ಗಳ ನೆಟ್ಟು, ಹೆಣೆದ ತೆಂಗಿನ ಗರಿ ಹೊದಿಸಿ, ಜನಕ್ಕೆ ಕಾಣಲೆಂದು ಮುಂಭಾಗ ತೆರೆದು ಬಿಟ್ಟಿದ್ದರು. ಚಳಿ ನಾಡಿನ ಮನೆ ಅಂತ ಮೇಡಂ ಸೂರು ತಗ್ಗಿಸಿ ಕಟ್ಟಿಸಿದ್ದಳು. ಅಧ್ಯಕ್ಷರನ್ನೂ ಇನ್ನಿಬ್ಬರು ಗಣ್ಯರನ್ನೂ ಅದರೊಳಗೇ ಕುರ್ಚಿ ಹಾಕಿ ಕೂರಿಸಿದ್ದರು. ಮೇಲೆ ಬೋರ್ಡು: 'ವೈಕಿಂಗರು ಕೊಂಬಿನ ಟೋಪಿ ಧರಿಸುತ್ತಿರಲಿಲ್ಲ.'

ಅದರ ಕೆಳಗೆ ಕೊಂಬಿನ ಟೋಪಿ ಧರಿಸಿದ ಪ್ರಿನ್ಸಿಪಾಲರು ಬಂದರು.

ಜನ ಮೊದಲು ಬೋರ್ಡು ನೋಡಿದರು, ಆಮೇಲೆ ಕೊಂಬು ನೋಡಿದರು, ಆಮೇಲೆ ಮತ್ತೆ ಬೋರ್ಡು ಓದಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರಿನ್ಸಿಪಾಲರು ಮೇಡಂ ಕಡೆ ಒಂದು ನೋಟ ಬೀರಿದರು. ಮುಂದಿನ ವರ್ಷದ್ದೆಲ್ಲ ಆ ನೋಟದಲ್ಲೇ ಇತ್ತು. ಮೇಡಂ ಚಪ್ಪರದ ಪಕ್ಕ ಮೈಕು ಹಿಡಿದು, ಮುಖ ಬಿಳುಚಿಕೊಂಡು ನಿಂತಿದ್ದಳು. ನಾನು ಅವಳ ಹಿಂದೆ ನಿಂತು ಬೆನ್ನ ಮೇಲೆ ಕೈ ಇಟ್ಟೆ.

ಪ್ರಿನ್ಸಿಪಾಲರು ಕೊಂಬು ತಾಗದಂತೆ ಬಗ್ಗಿ, ಒಂದು ಪಕ್ಕಕ್ಕೆ ಓರೆಯಾಗಿ, ಏಡಿಯ ಹಾಗೆ ಚಪ್ಪರದೊಳಗೆ ಸೇರಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಭಾಷಣವನ್ನು ಬಗ್ಗಿಕೊಂಡು ಮಾಡಿದ ಪ್ರಿನ್ಸಿಪಾಲರು ಈ ದೇಶದಲ್ಲಿ ಯಾರಿದ್ದಾರೆ? ಎದೆ ಉಬ್ಬಿಸಿ, ಕತ್ತಿ ಮೇಲೆತ್ತಿ, ಪೂರ್ತಿ ನೆಟ್ಟಗೆ ನಿಂತು ಗುಡುಗಿದರು:

"ನಾನು ಉತ್ತರ ಸಮುದ್ರದ ಒಡೆಯ!"

ಕೊಂಬು ಎರಡೂ ಗರಿಯೊಳಗೆ ನೆಟ್ಟುಕೊಂಡವು.

ಒಡೆಯರು ಎಡಕ್ಕೆ ಎಳೆದರು, ಬರಲಿಲ್ಲ. ಬಲಕ್ಕೆ ಎಳೆದರು, ಚಪ್ಪರವೇ ಬಲಕ್ಕೆ ಬಂತು. ಟೋಪಿ ಬಿಚ್ಚೋಣ ಅಂದರೆ ನಾರಿನ ಹಗ್ಗ ಗದ್ದಕ್ಕೆ ಬಿಗಿದುಕೊಂಡಿದೆ. ಅಧ್ಯಕ್ಷರು ಕುರ್ಚಿಯಲ್ಲಿ ಕೂತೇ, "ನಿಧಾನ ಸಾರ್, ನಿಧಾನ" ಅಂದರು. ಎತ್ತಿಗೆ 'ನಿಧಾನ' ಅಂದರೆ ಅರ್ಥವಾಗುತ್ತದೆ. ಇವರು ಬಲವಾಗಿ ಒಂದು ಸಲ ತಲೆ ಕೊಡವಿದರು. ಮುಂದಿನ ಗಳ ಜಾರಿತು, ಅದರ ಹಿಂದೆ ಇನ್ನೊಂದು ಜಾರಿತು. ಗರಿ, ಬೋರ್ಡು, ಓತಿಕ್ಯಾತ, ಕೆಂಜಿಗ ಸಮೇತ ವೈಕಿಂಗರ ಮನೆ ಇಡೀ ಒಡೆಯರ ಮೇಲೂ ಅಧ್ಯಕ್ಷರ ಮೇಲೂ ಗಣ್ಯರ ಮೇಲೂ ಧೊಪ್ಪನೆ ಕುಸಿಯಿತು.

ಗರಿ ಹಗುರ, ಯಾರಿಗೂ ಪೆಟ್ಟಾಗಲಿಲ್ಲ. ಧೂಳು ಅಡಗಿದ ಮೇಲೆ ಮೊದಲು ಎರಡು ಕೊಂಬು ಮೇಲೆದ್ದವು. ಆಮೇಲೆ ಅಧ್ಯಕ್ಷರ ತಲೆ. ಹುಬ್ಬಿನ ಮೇಲೆ ಹರಿಯುತ್ತಿದ್ದ ಕೆಂಜಿಗ ಕೊಡವಿ ಅವರು ಮೇಡಂ ಕಡೆ ನೋಡಿ ಗದರಿದರು: "ಏನಮ್ಮ ಇದೆಲ್ಲ?"

ಅವಳು ಮೈಕನ್ನು ಬಾಯಿಗೆ ಹಿಡಿದಳು.

"ವೈಕಿಂಗರು ಯಾಕೆ ಕೊಂಬಿನ ಟೋಪಿ ಹಾಕ್ತಿರಲಿಲ್ಲ ಅನ್ನೋದನ್ನ ನಮ್ಮ ಪ್ರಿನ್ಸಿಪಾಲರು ಈಗ ತಾವೇ ಮಾಡಿ ತೋರಿಸಿದರು ಸಾರ್. ದಯವಿಟ್ಟು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು."

ಮೈದಾನವೇ ಹಾರಿಹೋಗುವ ಹಾಗೆ ಚಪ್ಪಾಳೆ, ಶಿಳ್ಳೆ. ಅಧ್ಯಕ್ಷರ ಮುಖ ಅರಳಿತು. ಪ್ರಿನ್ಸಿಪಾಲರ ಕಡೆ ತಿರುಗಿ, "ಓಹೋ, ಬೇಕೂಂತಲೇ ಮಾಡಿದ್ದಾ ಸಾರ್? ನಾವು ಒಳಗಿದ್ದಾಗಲೇ? ಎಂಥಾ ಧೈರ್ಯ ರೀ ನಿಮ್ದು!" ಅಂದರು.

ಪ್ರಿನ್ಸಿಪಾಲರು ಮೇಡಂ ಕಡೆ ನೋಡಿದರು, ಬಿದ್ದ ಬೋರ್ಡಿನ ಕಡೆ ನೋಡಿದರು, ಚಪ್ಪಾಳೆ ತಟ್ಟುತ್ತಿದ್ದ ಜನರ ಕಡೆ ನೋಡಿದರು. ದಡ್ಡ ಅನ್ನಿಸಿಕೊಳ್ಳುವುದೋ, ಮೇಧಾವಿ ಅನ್ನಿಸಿಕೊಳ್ಳುವುದೋ? ಬಹಳ ಹೊತ್ತು ಯೋಚಿಸಲಿಲ್ಲ.

"ಹೌದು ಸಾರ್," ಅಂದರು ಕತ್ತು ತಿಕ್ಕಿಕೊಳ್ಳುತ್ತ. "ಪ್ರಾಕ್ಟಿಕಲ್ ಆಗಿ ತೋರಿಸಿದ್ರೆ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತೆ. ನಾನೂ ಮೇಡಮ್ಮೂ ಸೇರಿ ಪ್ಲಾನ್ ಮಾಡಿದ್ದು."

"ಇಂಥಾ ಮೇಡಂನ ಬಿಡಬಾರದು ಸಾರ್. ಮುಂದಿನ ವರ್ಷವೂ ಇವರೇ ಇರಲಿ."

"ಖಂಡಿತ ಸಾರ್," ಅಂದರು ಪ್ರಿನ್ಸಿಪಾಲರು, ಹಲ್ಲು ಕಚ್ಚಿಕೊಂಡು. ಹುಡುಗಿ ಹಿಂದೆ ಕೈ ಚಾಚಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ, ನಾಟಕ ನೋಡಿ ನೋಡಿ ರೂಢಿಯಾದ ಜನ ತಾನೇ, ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಇನ್ನೊಬ್ಬ ಕೂಗಿದ, ಮತ್ತೊಬ್ಬ ಕೂಗಿದ, ಆಮೇಲೆ ಮೈದಾನಕ್ಕೆ ಮೈದಾನವೇ ಕೂಗತೊಡಗಿತು. ಪ್ರಿನ್ಸಿಪಾಲರು ಗದ್ದದ ಗಂಟು ಬಿಚ್ಚಲು ಒದ್ದಾಡುತ್ತ ಅಧ್ಯಕ್ಷರ ಮುಖ ನೋಡಿದರು.

ಅಧ್ಯಕ್ಷರು ಎದ್ದು, ಪಂಚೆ ಕೊಡವಿ, ಕುರ್ಚಿಯನ್ನು ದೂರದ ಬೇವಿನ ಮರದ ಕೆಳಗೆ ಹಾಕಿಸಿಕೊಂಡು ಆರಾಮಾಗಿ ಕೂತರು.

"ಜನ ಅಷ್ಟು ಆಸೆಪಡ್ತಾವ್ರೆ, ಇನ್ನೊಂದ್ಸಲ ಮಾಡಿಬಿಡಿ ಸಾರ್. ಅಗೋ, ರೋಮನ್ನರ ಚಪ್ಪರ ಇನ್ನೂ ನಿಂತೈತೆ."